ಬೀಗದ ಒಳಗಿನ ಒಪ್ಪಿಗೆ

ಫ್ರೆಡರಿಕ್ ವೈಸ್‌ಮನ್ ಅವರ ಸಾಕ್ಷ್ಯಚಿತ್ರ ‘ಟಿಟಿಕಟ್ ಫಾಲೀಸ್’ (1967) ನೋಡುವಾಗ ಒಂದು ಕಡೆ ನಾನು ಕಣ್ಣು ತಗ್ಗಿಸಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಡ್ಜ್‌ವಾಟರ್‌ನಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳ ಆಸ್ಪತ್ರೆ. ಕೋಣೆ ಯಾಕೆ ಗಲೀಜಾಗಿದೆ ಎಂದು ಕಾವಲುಗಾರರು ಬೆತ್ತಲೆ ಮನುಷ್ಯನೊಬ್ಬನನ್ನು ಕೇಳಿ ಕೇಳಿ ಕೆಣಕುತ್ತಾರೆ. ಅವನು ಖಾಲಿ ಕೋಣೆಯಲ್ಲಿ ಕಾಲು ಅಪ್ಪಳಿಸುತ್ತಾನೆ. ಕ್ಯಾಮೆರಾ ಅವನನ್ನು ಬಿಡುವುದಿಲ್ಲ.

ಕೈದಿಗಳ ಖಾಸಗಿತನದ ಹೆಸರಿನಲ್ಲಿ ರಾಜ್ಯ ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ಒಪ್ಪಿಗೆ ಪತ್ರಕ್ಕೆ ಎಲ್ಲರ ಸಹಿ ಇರಲಿಲ್ಲ. 1969ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಚಿತ್ರವನ್ನು ವೈದ್ಯರು, ವಕೀಲರಂಥ ವೃತ್ತಿಪರರಿಗಷ್ಟೇ ಸೀಮಿತಗೊಳಿಸಿತು. ಸಾರ್ವಜನಿಕ ಪ್ರದರ್ಶನಕ್ಕೆ ದಾರಿಯಾದದ್ದು 1991ರಲ್ಲಿ.

ಬೆತ್ತಲೆ ಇರಿಸಿದವರೇ ಮಾನದ ಮಾತಾಡಿದರು, ನಿಜ. ಅಷ್ಟಕ್ಕೇ ವೈಸ್‌ಮನ್ ಪಾರಾಗುವುದಿಲ್ಲ. ಅವರಿಗೆ ಅಧಿಕಾರಿಗಳ ಅನುಮತಿ ಇತ್ತು. ಬೀಗದ ಕೈ ಹಿಡಿದವನ ಒಪ್ಪಿಗೆ ಒಳಗಿರುವವನದೂ ಆದೀತೇ? ಅವನೇ ಸಹಿ ಹಾಕಿದ್ದರೂ, ‘ಬೇಡ’ ಎನ್ನಲಾಗದ ಜಾಗದಲ್ಲಿ ಆ ಸಹಿಗೆ ಏನು ಬೆಲೆ? ಒಪ್ಪಿಗೆ ಪತ್ರ ಹೆಚ್ಚಾಗಿ ಕಾಯುವುದು ಚಿತ್ರ ತೆಗೆದವರನ್ನು.

ಈ ಚಿತ್ರ ಬೇಕಿತ್ತು ಎಂದೇ ನನ್ನ ನಿಲುವು. ಆ ಕೋಣೆ ಹೊರಗಿನವರಿಗೆ ಕಾಣಬೇಕಿತ್ತು. ಆದರೆ ಆ ಮುಖವನ್ನು ಅವನನ್ನು ಕೇಳದೆ ನೋಡಿದ್ದೇನೆ. ಆ ಋಣ ನನ್ನ ಮೇಲೂ ಇದೆ.