ಕಾರ್ಲಾಫ್ ಇಲ್ಲದ ಕಾರ್ಲಾಫ್ ಜೋಕು

‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಸಿನಿಮಾವನ್ನ ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಲ್ಯಾಪ್‌ಟಾಪಿನಲ್ಲಿ, ಒಬ್ಬನೇ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು. ಆಗ ನಾಯಕ ಕ್ಯಾರಿ ಗ್ರಾಂಟ್ ಯಾಕಪ್ಪಾ ಇಷ್ಟು ಕಿರುಚ್ತಾನೆ ಅಂತ ಬೈದುಕೊಂಡಿದ್ದೆ.

ಕಥೆ ಇಷ್ಟೇ. ಬ್ರೂಕ್ಲಿನ್‌ನ ಹಳೇ ಮನೆಯೊಂದರಲ್ಲಿ ಇಬ್ಬರು ವಯಸ್ಸಾದ ಅಕ್ಕತಂಗಿಯರು. ಇಡೀ ಕೇರಿಗೆ ಅಚ್ಚುಮೆಚ್ಚು. ದಿಕ್ಕಿಲ್ಲದ ಮುದುಕರು ಯಾರಾದರೂ ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದರೆ, ವೈನಿಗೆ ವಿಷ ಬೆರೆಸಿ ಕುಡಿಸಿ ನೆಲಮಾಳಿಗೆಯಲ್ಲಿ ಹೂಳಿಸ್ತಾರೆ. ಅವರ ಲೆಕ್ಕದಲ್ಲಿ ಅದು ಕೊಲೆಯಲ್ಲ, ಪುಣ್ಯದ ಕೆಲಸ! ಮದುವೆಯಾದ ದಿನವೇ ಈ ಸೋದರತ್ತೆಯರ ಮನೆಗೆ ಬರುವ ಮಾರ್ಟಿಮರ್‌ಗೆ ಕಿಟಕಿ ಕೆಳಗಿನ ಪೆಟ್ಟಿಗೆಯಲ್ಲಿ ಹೆಣ ಸಿಗುತ್ತೆ. ಅಂದಹಾಗೆ, ವೃತ್ತಿಯಲ್ಲಿ ಆತ ನಾಟಕ ವಿಮರ್ಶಕ.

ಜೋಸೆಫ್ ಕೆಸೆಲ್‌ರಿಂಗ್ ಬರೆದ ಈ ನಾಟಕ 1941ರ ಜನವರಿಯಲ್ಲಿ ಬ್ರಾಡ್‌ವೇಯಲ್ಲಿ ಶುರುವಾಗಿ 1,444 ಪ್ರದರ್ಶನ ಕಂಡಿತು. ಫ್ರಾಂಕ್ ಕಾಪ್ರಾ ಅದೇ ವರ್ಷದ ಕೊನೆಯಲ್ಲಿ ಸಿನಿಮಾ ಚಿತ್ರೀಕರಿಸಿದರು. ಆದರೆ ನಾಟಕದ ಓಟ ಮುಗಿಯೋ ತನಕ ಬಿಡುಗಡೆ ಮಾಡುವಂತಿಲ್ಲ ಅನ್ನೋ ಕರಾರಿತ್ತು. ಹಾಗಾಗಿ ತೆರೆ ಕಂಡದ್ದು 1944ರಲ್ಲಿ.

ಇನ್ನು ಪಾತ್ರ ಹಂಚಿಕೆ. ಮಾರ್ಟಿಮರ್‌ನ ಕೊಲೆಗಡುಕ ಅಣ್ಣ ಜೊನಾಥನ್‌ನ ಮುಖವನ್ನ ಒಬ್ಬ ಕುಡುಕ ಡಾಕ್ಟರ್ ಆಪರೇಷನ್ ಮಾಡಿ ಬೋರಿಸ್ ಕಾರ್ಲಾಫ್ ಥರ ಮಾಡಿಬಿಟ್ಟಿದ್ದಾನೆ. ಯಾರಾದರೂ ಹಾಗಂದರೆ ಸಾಕು, ಜೊನಾಥನ್‌ಗೆ ತಡೆಯಲಾರದ ಸಿಟ್ಟು. ನಾಟಕದಲ್ಲಿ ಆ ಪಾತ್ರ ಮಾಡಿದ್ದು ಸಾಕ್ಷಾತ್ ಕಾರ್ಲಾಫ್, ಫ್ರಾಂಕೆನ್‌ಸ್ಟೈನ್ ಚಿತ್ರದ ಆ ಭೀಕರ ಜೀವಿ! ಟಿಕೆಟ್ ಎಳೆಯುತ್ತಿದ್ದ ಅವರನ್ನ ನಾಟಕದ ನಿರ್ಮಾಪಕರು ಸಿನಿಮಾಕ್ಕೆ ಬಿಟ್ಟುಕೊಡಲಿಲ್ಲ. ಬದಲಿಗೆ ರೇಮಂಡ್ ಮ್ಯಾಸಿ ಬಂದರು. ಮುಖದ ಮೇಲೆ ಹೊಲಿಗೆ ಗುರುತು ಬಂತು. ಮಾತು ಮಾತ್ರ ಹಾಗೇ ಉಳಿಯಿತು. ಮ್ಯಾಸಿ ಚೆನ್ನಾಗೇ ಹೆದರಿಸ್ತಾರೆ, ಸುಳ್ಳು ಹೇಳಬಾರದು. ಆದರೆ ಒಬ್ಬ ನಟ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಬರೀ ಹೋಲಿಕೆ ಉಳಿದಿದೆ.

ಅದೃಷ್ಟಕ್ಕೆ ಅತ್ತೆಯಂದಿರು ರಂಗದಿಂದಲೇ ಬಂದರು: ಜೋಸೆಫೀನ್ ಹಲ್ ಮತ್ತು ಜೀನ್ ಅಡೇರ್. ತಾನೇ ಅಧ್ಯಕ್ಷ ರೂಸ್‌ವೆಲ್ಟ್ ಅಂದುಕೊಂಡಿರುವ ಟೆಡ್ಡಿಯಾಗಿ ಜಾನ್ ಅಲೆಕ್ಸಾಂಡರ್ ಕೂಡ. ಆ ಇಬ್ಬರು ಹೆಂಗಸರು ಹೆಣದ ವಿಷಯವನ್ನ ಉಪ್ಪಿನಕಾಯಿ ಭರಣಿ ತೋರಿಸಿದಷ್ಟು ಸಲೀಸಾಗಿ ಹೇಳ್ತಾರೆ. ತಿಂಗಳುಗಟ್ಟಲೆ ತುಂಬಿದ ಸಭೆಯೆದುರು ಆಡಿ ಪಳಗಿದ ನಿಧಾನ ಅದು.

ಎರಡನೇ ಸಲ ಈ ಸಿನಿಮಾ ನೋಡಿದ್ದು ಸ್ನೇಹಿತರ ಮನೆಯಲ್ಲಿ, ಹತ್ತು ಹನ್ನೆರಡು ಜನರ ಜೊತೆ. ಅತ್ತೆ ತಣ್ಣಗೆ ಹೆಣಗಳ ಲೆಕ್ಕ ಕೊಟ್ಟಾಗ ಕೋಣೆ ತುಂಬ ನಗು. ಮುಂದಿನ ಮಾತು ಮುಳುಗಿಹೋಗಬೇಕಿತ್ತು, ಹೋಗಲಿಲ್ಲ. ಯಾಕಂದರೆ ಆ ಹೊತ್ತಿಗೆ ಗ್ರಾಂಟ್ ಬಾಯಿ ತೆರೆದು, ಕಣ್ಣರಳಿಸಿ, ಪೆಟ್ಟಿಗೆ ಕಡೆ ಇನ್ನೊಂದು ಸಲ ತಿರುಗಿ ನೋಡುತ್ತಿದ್ದ. ನಾಟಕದ ನಟ ನಗು ಇಳಿಯುವ ತನಕ ಕಾಯಬಲ್ಲ, ಸ್ಟುಡಿಯೋದಲ್ಲಿ ನಗುವವರು ಯಾರು? ಇಲ್ಲದ ಪ್ರೇಕ್ಷಕರ ಕೆಲಸವನ್ನೂ ಗ್ರಾಂಟ್ ಒಬ್ಬನೇ ಮಾಡಬೇಕಾಗಿತ್ತು. ಅತಿಯಾಯ್ತು, ನಿಜ, ಈ ಅಭಿನಯ ಸ್ವತಃ ಗ್ರಾಂಟ್‌ಗೂ ಹಿಡಿಸಿರಲಿಲ್ಲ. ಆದರೂ ಒಬ್ಬನೇ ಕೂತು ನೋಡಿ ತೀರ್ಪು ಕೊಟ್ಟಿದ್ದ ನನ್ನದೇ ತಪ್ಪು ಜಾಸ್ತಿ ಅನ್ನಿಸಿತು.

ಕ್ಷಮಿಸೋಕಾಗದ್ದು ಒಂದಿದೆ, ಮುಕ್ತಾಯ. ಅತ್ತೆಯಂದಿರ ಲೆಕ್ಕ ಹನ್ನೆರಡು, ಜೊನಾಥನ್‌ನದೂ ಹನ್ನೆರಡು. ನಾಟಕದ ಕೊನೆಯಲ್ಲಿ ಇವರನ್ನ ಕರೆದೊಯ್ಯಲು ಬಂದ ಆಶ್ರಮದ ಮುಖ್ಯಸ್ಥನಿಗೇ ಅತ್ತೆಯಂದಿರು ವೈನ್ ಕೊಡ್ತಾರೆ, ಪರದೆ ಬೀಳುತ್ತೆ. ಸಿನಿಮಾ ಆತನನ್ನ ಉಳಿಸಿಬಿಡುತ್ತೆ. ಕಾರ್ಲಾಫ್ ಸಿಗದಿದ್ದದ್ದು ಕಾಪ್ರಾ ಕೈಮೀರಿದ ಮಾತು, ಒಪ್ಪೋಣ. ಆದರೆ ಅತ್ತೆಯಂದಿರಾಗಿ ಅವರಿಬ್ಬರನ್ನೂ ರಂಗದಿಂದಲೇ ಕರೆತಂದು, ಅವರ ಕೈಯಿಂದ ಆ ಕೊನೇ ಲೋಟ ಕಿತ್ತುಕೊಂಡದ್ದು ಮಾತ್ರ ಅನ್ಯಾಯ.