ಉಳಿ ಕೊಟ್ಟರು, ದಾರಿ ಕೊಟ್ಟರಾ?

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಶುರುಮಾಡಿದ ‘ಪಿಎಂ ವಿಶ್ವಕರ್ಮ’ ಯೋಜನೆಯ ಮಾರ್ಗಸೂಚಿಯನ್ನು ಒಮ್ಮೆ ಓದಿನೋಡಿ. ಕಮ್ಮಾರ, ಕುಂಬಾರ, ಚಮ್ಮಾರ, ಅಗಸ, ಕ್ಷೌರಿಕ ಹೀಗೆ 18 ಕಸುಬು. 5ರಿಂದ 7 ದಿನದ ಮೊದಲ ತರಬೇತಿ, ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000ದವರೆಗೆ. ಬಡವರ ಮನೆಗೆ ಇದು ಸಣ್ಣದಲ್ಲ. ಬೇಡ ಅನ್ನೋಕೆ ನಾವ್ಯಾರು? ಯಾವ ಜಾತಿಯವರೂ ಅರ್ಜಿ ಹಾಕಬಹುದು ಅನ್ನುವುದೂ ನಿಜ.

ಆದರೆ ಅದರ ಭಾಷೆ ನೋಡಿ: ಗುರು-ಶಿಷ್ಯ ಪರಂಪರೆ, ಕುಟುಂಬದ ಕಸುಬು. ಅಪ್ಪ ಮೆಟ್ಟು ಹೊಲಿದದ್ದು ಪರಂಪರೆಯ ಪ್ರೀತಿಗಾ? ಬೇರೆ ಬಾಗಿಲೆಲ್ಲ ಮುಚ್ಚಿದ್ದಕ್ಕೆ ಹೊಲಿದ. ಜಾತಿ ಹಂಚಿದ್ದು ಕೆಲಸವನ್ನಲ್ಲ, ಕೆಲಸಗಾರರನ್ನೇ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು.

1953ರಲ್ಲಿ ಮದ್ರಾಸಿನ ರಾಜಾಜಿ ಸರ್ಕಾರ, ಹಳ್ಳಿಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಅಪ್ಪನ ಕಸುಬು ಅಂದಿತು. ‘ಕುಲಕಲ್ವಿ’, ಅಂದರೆ ಕುಲದ ಓದು, ಅಂತ ಹೆಸರಿಟ್ಟು ಜನ ಬೀದಿಗಿಳಿದರು. 1954ರಲ್ಲಿ ಕಾಮರಾಜರು ಅದನ್ನು ಕೈಬಿಟ್ಟರು.

ಕೈಕಸುಬು ಕೀಳಲ್ಲ. ಚಮ್ಮಾರರ ಮಗಳು ಕರೆಂಟಿನ ಕೆಲಸ ಕಲಿತು ಊರಿಗೆಲ್ಲಾ ದೀಪ ಹಾಕಲಿ, ಮೇಲ್ಜಾತಿಯ ಹುಡುಗ ಮೆಟ್ಟು ಹೊಲಿಯಲು ಕಲಿಯಲಿ. ಆಗ ಅದು ತರಬೇತಿ. ಅಲ್ಲಿವರೆಗೂ ಹಳೇ ಸಂಕೋಲೆಗೆ ಹೊಸ ಹೊಳಪು.

ಮೇಷ್ಟ್ರೇ, ಅರ್ಜಿ ತುಂಬಿಸುವ ಮುಂಚೆ ಆ ಹುಡುಗನನ್ನ ಒಂದು ಮಾತು ಕೇಳಿ: ‘ನೀನು ಏನಾಗಬೇಕಂತೀಯಪ್ಪಾ?’