ಎಲುಬು ತಡೆಯುವ ಗುಳಿಗೆ, ಎತ್ತರ ಕಸಿಯುವ ಗುಳಿಗೆ

ಎಫ್‌ಒಪಿ ಹತ್ತಿಪ್ಪತ್ತು ಲಕ್ಷ ಜನರಲ್ಲಿ ಒಬ್ಬರನ್ನು ಕಾಡುವ ಜೀನಿನ ಕಾಯಿಲೆ. ಸ್ನಾಯುಗಳು, ಎಲುಬು ಜೋಡಿಸುವ ಕಟ್ಟುಗಳು ಎಲುಬಾಗುತ್ತ ಹೋಗುತ್ತವೆ; ಮೊದಲು ಬಿಗಿಯುವುದು ಕುತ್ತಿಗೆ, ಬೆನ್ನು. ಎಸಿವಿಆರ್1 ಜೀನಿನ ದೋಷವೇ ಇದಕ್ಕೆ ಕಾರಣವೆಂದು 2006ರಲ್ಲಿ ತಿಳಿಯಿತು. ಇದಕ್ಕೆ ಬಂದ ಮೊದಲ ಔಷಧ ಪಾಲೊವರೊಟಿನ್.

ಗಜ್ಜರಿ, ಹಾಲುಗಳಿಂದ ಸಿಗುವ ಎ ಜೀವಸತ್ವವನ್ನು ದೇಹ ರೆಟಿನೊಯಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಮೃದ್ವಸ್ಥಿ ಹುಟ್ಟಬೇಕಾದರೆ ಆ ಜಾಗದಲ್ಲಿ ಈ ಆಮ್ಲದ ಸಂದೇಶ ಅಡಗಬೇಕು. ಎಫ್‌ಒಪಿಯ ಹೊಸ ಎಲುಬು ಮೊದಲು ಮೃದ್ವಸ್ಥಿಯಾಗಿಯೇ ಮೂಡುವುದರಿಂದ, ಪಾಲೊವರೊಟಿನ್ ಗುಳಿಗೆ ಆ ಸಂದೇಶವನ್ನು ಎಬ್ಬಿಸಿಟ್ಟು ಮೊದಲ ಹೆಜ್ಜೆಯನ್ನೇ ತಡೆಯುತ್ತದೆ. ತರ್ಕ ಚೊಕ್ಕವಾಗಿದೆ. ಆದರೆ ಮಗು ಎತ್ತರವಾಗುವುದೂ ಎಲುಬಿನ ತುದಿಯ ಮೃದ್ವಸ್ಥಿಯಿಂದಲೇ! ಪ್ರಯೋಗದಲ್ಲಿ ಹಲವು ಮಕ್ಕಳ ಬೆಳವಣಿಗೆ ಅವಧಿಗೆ ಮೊದಲೇ ನಿಂತುಹೋಯಿತು. 107 ರೋಗಿಗಳಲ್ಲಿ ಹೊಸ ಎಲುಬು ಅರ್ಧಕ್ಕಿಂತ ಕಡಿಮೆಯಾಯಿತೆಂಬ ಲೆಕ್ಕವೂ ಪ್ಲಸೀಬೊ ಗುಂಪಿಲ್ಲದೆ, ಔಷಧ ಪಡೆಯದವರ ಹಳೆಯ ದಾಖಲೆಗೆ ಹೋಲಿಸಿ ಹಾಕಿದ್ದು. 2023ರಲ್ಲಿ ಅಮೆರಿಕ ಎಂಟು ದಾಟಿದ ಹೆಣ್ಣುಮಕ್ಕಳಿಗೆ, ಹತ್ತು ದಾಟಿದ ಗಂಡುಮಕ್ಕಳಿಗೆ ಅನುಮತಿ ಕೊಟ್ಟಿತು, ಯುರೋಪ್ ನಿರಾಕರಿಸಿತು. ಬೆಳವಣಿಗೆ ಮುಗಿದವರಿಗೆ ಇದು ಸಿಗಲೇಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಿ ಯುರೋಪಿನ ಹಿಂಜರಿಕೆಯೇ ನನಗೆ ಸರಿ ಕಾಣುತ್ತದೆ.

ಒಂದು ಎಚ್ಚರಿಕೆ. ಇದನ್ನು ಓದಿ ಎ ಜೀವಸತ್ವದ ಗುಳಿಗೆ ಕೊಳ್ಳಲು ಯಾರೂ ಅಂಗಡಿಗೆ ಹೋಗಬಾರದು. ಚರ್ಮರೋಗಕ್ಕೆ ಇದೇ ಕುಲದ ಔಷಧಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬೆನ್ನುಮೂಳೆಯ ಕಟ್ಟುಗಳೇ ಎಲುಬಾದದ್ದುಂಟು. ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ಕುಡಿಸುವ ಎ ಜೀವಸತ್ವದ ದ್ರಾವಣ ಕಣ್ಣಿನ ರಕ್ಷಣೆಗೆ. ಈ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಜಿಲ್ಲಾ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ಗುಳಿಗೆಗಿಂತ ಮೊದಲು ಬೇಕಾದದ್ದು ಕೂಸಿನ ಕಾಲಿನ ಉಂಗುಟ ನೋಡುವ ರೂಢಿ. ಎರಡೂ ಉಂಗುಟ ಮೋಟಾಗಿ ಪಕ್ಕದ ಬೆರಳುಗಳತ್ತ ವಾಲಿದ್ದರೆ ಎಫ್‌ಒಪಿಯನ್ನು ಶಂಕಿಸಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಈ ಗುರುತು ತಪ್ಪಿದರೆ ಬೆನ್ನ ಮೇಲಿನ ಬಾವನ್ನು ಗಡ್ಡೆಯೆಂದು ತಿಳಿದು ಬಯಾಪ್ಸಿ ಮಾಡುತ್ತಾರೆ. ಸ್ನಾಯುವಿಗೆ ಚುಚ್ಚುಮದ್ದು ಕೊಡುತ್ತಾರೆ. ಮನೆಯಲ್ಲಿ ಎಣ್ಣೆ ಹಚ್ಚಿ ಕೈಕಾಲು ಜಗ್ಗಿ ಎರೆಯುತ್ತಾರೆ. ಇಂಥ ಪ್ರತಿ ಪೆಟ್ಟೂ ಹೊಸ ಎಲುಬಿಗೆ ದಾರಿಯಾಗಬಹುದು. ಅನುಮಾನ ಬಂದ ಕೂಸಿಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಜೀನ್ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಬಯಾಪ್ಸಿಗೆ ಒಪ್ಪಬೇಡಿ.